ಅಟ್ಟದ ಮೇಲಿನ ಹಳೇ ಸ್ಪೀಕರ್‌ಗೆ ಮೊದಲ ವಾಲ್ವ್ ಆಂಪ್ಲಿಫೈಯರ್

ನಮ್ಮ ದಾವಣಗೆರೆಯ ಯಾವುದಾದರೂ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ 'ಟ್ಯೂಬ್ ಆಂಪ್ ಇದೆಯಾ' ಎಂದು ಕೇಳಿ ನೋಡಿ. ಒಬ್ಬರು ಟ್ಯೂಬ್‌ಲೈಟ್ ತೋರಿಸುತ್ತಾರೆ, ಇನ್ನೊಬ್ಬರು ಸೈಕಲ್ ಅಂಗಡಿಗೆ ಕಳಿಸುತ್ತಾರೆ. 'ವಾಲ್ವ್' ಎಂದು ಹೇಳಿ, ಅರವತ್ತು ದಾಟಿದವರ ಮುಖ ಅರಳುತ್ತದೆ. 'ನಮ್ಮನೇಲಿ ಮರ್ಫಿ ರೇಡಿಯೋ ಇತ್ರೀ' ಎಂದು ಶುರುವಾದರೆ ಅರ್ಧ ಗಂಟೆ ಬಿಡುವುದಿಲ್ಲ. ಅದಕ್ಕೇ ಈ ಲೇಖನದಲ್ಲೂ ವಾಲ್ವ್ ಎಂದೇ ಬರೆಯುತ್ತೇನೆ. ಟ್ಯೂಬ್ ಅಂದರೂ ವಾಲ್ವ್ ಅಂದರೂ ಒಂದೇ: ಟ್ರಾನ್ಸಿಸ್ಟರ್ ಬರುವ ಮೊದಲು ರೇಡಿಯೋ, ಆಂಪ್ಲಿಫೈಯರ್ ಒಳಗೆ ದನಿ ಹಿಗ್ಗಿಸುತ್ತಿದ್ದ, ಬಿಸಿಯಾಗಿ ಹೊಳೆಯುವ ಗಾಜಿನ ಬುರುಡೆ.

ಇದು ಯಾರಿಗಾಗಿ ಅಂದರೆ, ಅಪ್ಪನ ಕಾಲದ ಒಂದು ಜೊತೆ ಸ್ಪೀಕರ್ ಮನೆಯಲ್ಲಿ ಇರುವವರಿಗೆ. ಫಿಲಿಪ್ಸ್, ಕಾಸ್ಮಿಕ್, ಸೋನೋಡೈನ್, ಏನಾದರೂ ಇರಲಿ. ಅದಕ್ಕೆ ಕೈಗೆಟಕುವ ಬೆಲೆಯಲ್ಲಿ ಮೊದಲ ವಾಲ್ವ್ ಆಂಪ್ಲಿಫೈಯರ್ ಹುಡುಕುತ್ತಿರುವವರಿಗೆ. ನಾನು ಮೊದಲ ಸಲ ಕೊಂಡಾಗ ತಲೆಕೆಳಗಾಗಿ ಹೋಗಿದ್ದೆ. ಮೊದಲು ಆಂಪ್ ಕೊಂಡೆ, ಆಮೇಲೆ ಸ್ಪೀಕರ್ ಪೆಟ್ಟಿಗೆ ಬಿಚ್ಚಿ ನೋಡಿದೆ. ನೀವು ಹಾಗೆ ಮಾಡಬೇಡಿ.

ಮೊದಲು ಸ್ಪೀಕರ್ ಕೆಳಗಿಳಿಸಿ

ಮುಂದಿನ ಬಟ್ಟೆಯ ಜಾಲರಿ ತೆಗೆಯಿರಿ. ದೊಡ್ಡ ಕೋನಿನ ಸುತ್ತ ಇರುವ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಅದು ಬಟ್ಟೆಯದೋ, ಮಡಿಕೆ ಮಡಿಕೆಯಾದ ಕಾಗದದ್ದೋ ಆಗಿದ್ದರೆ ಸಾಮಾನ್ಯವಾಗಿ ಇನ್ನೂ ಗಟ್ಟಿಯಾಗಿರುತ್ತದೆ. ಫೋಮ್ ಅಂಚಾದರೆ ಅನುಮಾನವೇ ಇಟ್ಟುಕೊಳ್ಳಿ. ಮುಟ್ಟಿದರೆ ಹಳೇ ಬೆಲ್ಲದ ಹಾಗೆ ಅಂಟಿ ಪುಡಿಯಾಗುತ್ತದೆ. ಅಂಚು ಮಾತ್ರ ಹೋಗಿದ್ದರೆ ಅಂಚು ಮಾತ್ರ ಹೊಸದು ಹಾಕಿಸಬಹುದು. ಮೈಕ್ ಸೆಟ್ ರಿಪೇರಿಯವರು 'ಪೂರಾ ಕೋನೇ ಬದಲಿಸಿ ಕೊಡ್ತೀನಿ ಬಿಡ್ರಿ' ಎನ್ನುತ್ತಾರೆ. ಒಪ್ಪಬೇಡಿ. ಕೋನ್, ಅದರ ಹಿಂದಿನ ತಂತಿ ಸುರುಳಿ ಅಂದರೆ ಕಾಯಿಲ್ ಬದಲಾದರೆ ಉಳಿಯುವುದು ಅಪ್ಪನ ಪೆಟ್ಟಿಗೆ ಮಾತ್ರ, ದನಿ ಬೇರೆಯವರದು.

ಮುಂದೆ, ಎರಡು ಅಂಗೈಯ ಬೆರಳುಗಳಿಂದ ಕೋನನ್ನು ಸಮವಾಗಿ ಒಂಚೂರು ಒಳಗೆ ಒತ್ತಿ. ಕರಕರ ಉಜ್ಜಿದ ಹಾಗೆ ಆದರೆ ಕಾಯಿಲ್ ಎಲ್ಲೋ ತಾಗುತ್ತಿದೆ. ಆಮೇಲೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತಗೊಂಡು ಹಿಂದಿನ ಎರಡು ಟರ್ಮಿನಲ್‌ಗೆ ಕ್ಷಣ ಮಾತ್ರ ಮುಟ್ಟಿಸಿ. 'ಟಪ್' ಎನ್ನಬೇಕು. ಕೆಂಪು ಟರ್ಮಿನಲ್‌ಗೆ ಪ್ಲಸ್ ಕೊಟ್ಟಾಗ ಎರಡೂ ಸ್ಪೀಕರಿನ ಕೋನ್ ಒಂದೇ ದಿಕ್ಕಿಗೆ ಚಲಿಸಬೇಕು. ಒಂದು ಮುಂದೆ, ಒಂದು ಹಿಂದೆ ಹೋದರೆ ಯಾರೋ ಹಿಂದೆ ವೈರ್ ಅದಲು ಬದಲು ಮಾಡಿದ್ದಾರೆ.

ಈಗ ಮಲ್ಟಿಮೀಟರ್. ಟರ್ಮಿನಲ್‌ಗಳ ನಡುವೆ ಓಮ್ಸ್, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, ಎಷ್ಟಿದೆ ನೋಡಿ. 3ರಿಂದ 3.5 ತೋರಿಸಿದರೆ ಅದು 4 ಓಮ್ ಸ್ಪೀಕರ್. 6ರಿಂದ 7 ತೋರಿಸಿದರೆ 8 ಓಮ್. 11ರಿಂದ 13 ಬಂದರೆ 15 ಅಥವಾ 16 ಓಮ್. ಹಳೇ ಇಂಗ್ಲಿಷ್ ಸ್ಪೀಕರ್‌ಗಳಲ್ಲಿ 15 ಓಮ್ ಸಾಮಾನ್ಯ. ಈ ಅಂಕಿಯನ್ನು ಪೆಟ್ಟಿಗೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಮುಂದೆ ಬೇಕು.

ಇನ್ನೊಂದು ಮಾತು. ಸಣ್ಣ ಸ್ಪೀಕರ್, ಅಂದರೆ ಟ್ವೀಟರ್, ಮಂಕಾಗಿ ಕೇಳಿಸಿದರೆ ಒಳಗಿನ ಕಂಡೆನ್ಸರ್ ಒಣಗಿರಬಹುದು. ಮೂವತ್ತು ನಲವತ್ತು ವರ್ಷದ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಅಷ್ಟೆಲ್ಲ ತಾಳಿದ್ದೇ ದೊಡ್ಡದು. ಅದೇ ಮೈಕ್ರೋಫ್ಯಾರಡ್‌ನ ಹೊಸದು ಹಾಕಿಸಿ. ಕಡಿಮೆ ಖರ್ಚಿನ ಈ ಒಂದು ಕೆಲಸ ಮಾಡಿದ ಮೇಲೆ ಕೆಲವರಿಗೆ ಹೊಸ ಆಂಪ್ ಬೇಕು ಅನ್ನಿಸುವುದೇ ಇಲ್ಲ. ಹಾಗಾದರೆ ದುಡ್ಡು ಉಳಿಯಿತು.

ನಿಮಗೆ ನಿಜವಾಗಿ ಎಷ್ಟು ವ್ಯಾಟ್ ಬೇಕು?

ಇಲ್ಲಿ ಎಲ್ಲರೂ ಎಡವುತ್ತಾರೆ. ನಮಗೆ ವ್ಯಾಟ್ ಅಂದರೆ ಗಣೇಶನ ಹಬ್ಬದ ಲೆಕ್ಕ ಗೊತ್ತು, ಮನೆಯ ಲೆಕ್ಕ ಗೊತ್ತಿಲ್ಲ.

ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸ್ಪೀಕರ್ ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಎನ್ನುವುದು ಅದರ ಸೆನ್ಸಿಟಿವಿಟಿ. ಸದ್ದು 3 ಡೆಸಿಬೆಲ್ ಏರಬೇಕಾದರೆ ವ್ಯಾಟ್ ಎರಡರಷ್ಟು ಬೇಕು. 10 ಡೆಸಿಬೆಲ್ ಏರಬೇಕಾದರೆ ಹತ್ತರಷ್ಟು. ಅಂದರೆ 94 ಡೆಸಿಬೆಲ್‌ನ ಸ್ಪೀಕರ್ 2 ವ್ಯಾಟಿನಲ್ಲಿ ಮಾಡುವ ಸದ್ದನ್ನು 84 ಡೆಸಿಬೆಲ್‌ನ ಸ್ಪೀಕರ್ ಮಾಡಬೇಕಾದರೆ 20 ವ್ಯಾಟ್ ಬೇಕು. ಕಡಿಮೆ ಬೆಲೆಯ ವಾಲ್ವ್ ಆಂಪ್‌ಗಳ ಕಥೆ ಎಲ್ಲ ಈ 2ಕ್ಕೂ 20ಕ್ಕೂ ನಡುವೆಯೇ ಇದೆ. ಹಾಗಾಗಿ ಆಂಪ್ ಯಾವುದು ಎಂದು ತೀರ್ಮಾನಿಸುವುದು ಸ್ಪೀಕರ್, ನಾವಲ್ಲ.

ಸೆನ್ಸಿಟಿವಿಟಿ ಬರೆದ ಕಾಗದ ಯಾರ ಮನೆಯಲ್ಲೂ ಉಳಿದಿರುವುದಿಲ್ಲ. ಕಣ್ಣಳತೆಗೆ ಒಂದು ದಾರಿ ಇದೆ. ದೊಡ್ಡ ಪೆಟ್ಟಿಗೆ, ಎಂಟು ಇಂಚಿಗಿಂತ ದೊಡ್ಡದಾದ ಹಗುರ ಕಾಗದದ ಕೋನ್, ಬಿಗಿಯಾದ ಮಡಿಕೆ ಅಂಚು ಇದ್ದರೆ ಅದು ಸಾಧಾರಣವಾಗಿ ಕಡಿಮೆ ವ್ಯಾಟಿಗೇ ಒದಗುವ ಸ್ಪೀಕರ್. ಸಣ್ಣ, ಪೂರ್ತಿ ಮುಚ್ಚಿದ ಪೆಟ್ಟಿಗೆ, ಭಾರದ ಕೋನ್, ಮೆತ್ತನೆ ರಬ್ಬರ್ ಅಥವಾ ಫೋಮ್ ಅಂಚು ಇದ್ದರೆ ಅದಕ್ಕೆ ಹಸಿವು ಜಾಸ್ತಿ. ಎರಡು ತುದಿಯ ಉದಾಹರಣೆ ಬೇಕಾದರೆ, 1957ರಲ್ಲಿ ಬಂದ ಕ್ಲಿಪ್ಷ್ ಹೆರೆಸಿ 95 ಡೆಸಿಬೆಲ್ ಮೀರಿದ್ದು. ಬಿಬಿಸಿಯವರು ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಪೆಟ್ಟಿಗೆ 82-83ರ ಆಸುಪಾಸು.

ಕಣ್ಣಳತೆ ಸಾಲದು ಎನ್ನುವವರಿಗೆ ನಾನು ನಂಬುವ ಪರೀಕ್ಷೆ ಒಂದಿದೆ. ಸ್ವಲ್ಪ ತಾಳ್ಮೆ ಬೇಕು. ಮನೆಯಲ್ಲಿರುವ ಅಥವಾ ಗೆಳೆಯರಿಂದ ತಂದ ಹಳೇ ಟ್ರಾನ್ಸಿಸ್ಟರ್ ಆಂಪ್‌ಗೆ ಈ ಸ್ಪೀಕರ್ ಜೋಡಿಸಿ. ಫೋನಿನಿಂದ ನಿಮಗಿಷ್ಟವಾದ ಹಾಡು ಹಾಕಿ. ಮನೆಯವರು ಅಡುಗೆಮನೆಯಿಂದ 'ಸ್ವಲ್ಪ ಕಡಿಮೆ ಮಾಡ್ರೀ' ಎನ್ನುವವರೆಗೆ ದನಿ ಏರಿಸಿ. ಅದೇ ನಿಮ್ಮ ಗರಿಷ್ಠ. ಇನ್ನು ವಾಲ್ಯೂಮ್ ಮುಟ್ಟಬೇಡಿ, ಫೋನಿನದ್ದೂ ಮುಟ್ಟಬೇಡಿ. ಆಂಪ್ ಆಫ್ ಮಾಡಿ ಸ್ಪೀಕರ್ ವೈರ್ ಬಿಚ್ಚಿಡಿ. ಮತ್ತೆ ಆನ್ ಮಾಡಿ, ಅದೇ ಫೋನಿನಿಂದ 100 ಹರ್ಟ್ಸ್‌ನ ಪೂರ್ಣ ಮಟ್ಟದ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರಿನಿಂದ ಎಸಿ ವೋಲ್ಟ್ ಅಳೆಯಿರಿ. ಬಂದ ವೋಲ್ಟನ್ನು ಅದರಿಂದಲೇ ಗುಣಿಸಿ, ಸ್ಪೀಕರಿನ ಓಮ್‌ನಿಂದ ಭಾಗಿಸಿ. 8 ಓಮ್ ಸ್ಪೀಕರಿಗೆ 4 ವೋಲ್ಟ್ ಬಂದರೆ 2 ವ್ಯಾಟ್. 6.3 ವೋಲ್ಟ್ ಬಂದರೆ 5 ವ್ಯಾಟ್. 11 ವೋಲ್ಟ್ ಬಂದರೆ 15 ವ್ಯಾಟ್. ಆ ದನಿಯಲ್ಲಿ ಹಾಡಿನ ಅತಿ ದೊಡ್ಡ ಹೊಡೆತಕ್ಕೂ ಇದಕ್ಕಿಂತ ಜಾಸ್ತಿ ಬೇಕಾಗುವುದಿಲ್ಲ.

ವೈರ್ ಬಿಚ್ಚಿ ಅಳೆಯುವುದು ಟ್ರಾನ್ಸಿಸ್ಟರ್ ಆಂಪ್‌ಗೆ ಮಾತ್ರ. ವಾಲ್ವ್ ಆಂಪನ್ನು ಸ್ಪೀಕರ್ ಇಲ್ಲದೆ ಎಂದೂ ಓಡಿಸಬಾರದು. ಒಳಗೆ ವೋಲ್ಟೇಜ್ ಚಿಮ್ಮಿ, ವಾಲ್ವ್ ಮತ್ತು ಸ್ಪೀಕರ್ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ನನ್ನ ಹನ್ನೆರಡು ಅಡಿ ಹಾಲ್‌ನಲ್ಲಿ ನನಗೆ ಬಂದಿದ್ದು 3.5 ವೋಲ್ಟ್. ಒಂದೂವರೆ ವ್ಯಾಟ್! ಇಪ್ಪತ್ತು ವರ್ಷ ನೂರು ವ್ಯಾಟಿನ ಆಂಪ್ ಇಟ್ಟುಕೊಂಡು ಮೆರೆದಿದ್ದೆ.

ಎಷ್ಟು ವಾಲ್ವ್ ಇವೆ, ಎಣಿಸಿ

ಮಾರುವವರು ಬರೆಯುವ ವ್ಯಾಟ್ ನಂಬುವ ಬದಲು ವಾಲ್ವ್ ನೋಡಿ. ದೊಡ್ಡ ವಾಲ್ವ್‌ಗಳೇ ಪವರ್ ವಾಲ್ವ್. ಸ್ಟೀರಿಯೋ ಆಂಪ್‌ನಲ್ಲಿ ಅವು ಎರಡೇ ಇದ್ದರೆ ಸಾಮಾನ್ಯವಾಗಿ ಅದು ಸಿಂಗಲ್ ಎಂಡೆಡ್, ಅಂದರೆ ಪ್ರತಿ ಸ್ಪೀಕರಿಗೆ ಒಂದೇ ವಾಲ್ವ್ ದುಡಿಯುತ್ತದೆ. ನಾಲ್ಕಿದ್ದರೆ ಹೆಚ್ಚಾಗಿ ಪುಶ್‌ಪುಲ್, ಎರಡೆರಡು ಸೇರಿ ದುಡಿಯುತ್ತವೆ.

ಸಿಂಗಲ್ ಎಂಡೆಡ್‌ಗೆ ಒಂದು ಸುಲಭದ ಲೆಕ್ಕ ಇದೆ. ವಾಲ್ವ್‌ನ ಪ್ಲೇಟ್, ಅಂದರೆ ಒಳಗಿನ ಲೋಹದ ತಗಡು, ಎಷ್ಟು ವ್ಯಾಟ್ ಶಾಖ ತಾಳುತ್ತದೋ ಅದರ ಅರ್ಧಕ್ಕಿಂತ ಹೆಚ್ಚು ಹೊರಗೆ ಬರುವುದಿಲ್ಲ. ಇಎಲ್84 ಎಂಬ ಪವರ್ ವಾಲ್ವಿನ ಪ್ಲೇಟ್ ತಾಳುವುದು 12 ವ್ಯಾಟ್. ಹಾಗಾಗಿ ಮೇಲ್ಮಿತಿ 6, ಕೈಗೆ ಬರುವುದು 4-5 ವ್ಯಾಟ್. ಇಎಲ್34 ತಾಳುವುದು 25, ಸಿಗುವುದು 10ರ ಆಸುಪಾಸು. 'ಇಎಲ್84 ಎರಡೇ, 15 ಪ್ಲಸ್ 15 ವ್ಯಾಟ್' ಎಂದು ಬರೆದಿದ್ದರೆ ಪುಟ ಮುಚ್ಚಿ ಮುಂದೆ ಹೋಗಿ. ಅದೇ ಇಎಲ್84 ನಾಲ್ಕಿದ್ದು ಪುಶ್‌ಪುಲ್ ಆದರೆ ಪ್ರತಿ ಸ್ಪೀಕರಿಗೆ 12ರಿಂದ 15 ವ್ಯಾಟ್ ನಂಬಬಹುದು.

ನನ್ನ ಸಲಹೆ ಸರಳ. ಮೇಲಿನ ಪರೀಕ್ಷೆಯಲ್ಲಿ 3 ವ್ಯಾಟ್ ಒಳಗೆ ಬಂದವರು ಇಎಲ್84 ಸಿಂಗಲ್ ಎಂಡೆಡ್ ತಗೊಳ್ಳಿ. 3ರಿಂದ 10 ಬಂದವರು ಇಎಲ್84 ಪುಶ್‌ಪುಲ್. 10 ದಾಟಿದವರು ಟ್ರಾನ್ಸಿಸ್ಟರ್ ಆಂಪ್‌ನಲ್ಲೇ ಸುಖವಾಗಿರಿ. ಈ ಮಾತು ಕೇಳಿ ಚಿತ್ರದುರ್ಗದ ನನ್ನ ಗೆಳೆಯ ಮುನಿಸಿಕೊಂಡಿದ್ದ. ಆದರೆ ದೊಡ್ಡ ವ್ಯಾಟಿನ ವಾಲ್ವ್ ಆಂಪ್ ಅಗ್ಗಕ್ಕೆ ಬಂದರೆ ಎಲ್ಲೋ ಟ್ರಾನ್ಸ್‌ಫಾರ್ಮರ್‌ನಲ್ಲಿ ಕೈ ಬಿಗಿ ಹಿಡಿದಿದ್ದಾರೆ ಎಂದೇ ಅರ್ಥ.

ಇಎಲ್84 ಯಾಕೆ ಅಂದರೆ, ಅದು ಇವತ್ತಿಗೂ ಸಿಗುತ್ತದೆ. ಸ್ಲೊವಾಕಿಯಾದ ಜೆಜೆ, ರಷ್ಯಾ, ಚೀನಾದವರು ಹೊಸದಾಗಿ ಮಾಡುತ್ತಾರೆ. ನಮ್ಮ ಜಾಲಹಳ್ಳಿಯ ಬಿಇಎಲ್ ಕೂಡ ಒಂದು ಕಾಲಕ್ಕೆ ಮಾಡುತ್ತಿತ್ತು. ಹಳೇ ರೇಡಿಯೋ ರಿಪೇರಿಯವರ ಡಬ್ಬದಲ್ಲಿ ಬಿಇಎಲ್ ಇಎಲ್84 ಸಿಕ್ಕರೆ ಬಿಡಬೇಡಿ.

ಪವರ್ ವಾಲ್ವ್‌ಗೆ ಬಯಾಸ್, ಅಂದರೆ ಹಾಡಿಲ್ಲದಾಗಲೂ ಅದರಲ್ಲಿ ಎಷ್ಟು ಕರೆಂಟ್ ಹರಿಯಬೇಕೆಂಬ ಹದ, ಕೊಡುವ ಬಗೆ ಎರಡು. ಮೊದಲ ಆಂಪ್‌ಗೆ ತನ್ನಷ್ಟಕ್ಕೆ ಹೊಂದಿಕೊಳ್ಳುವ ಸೆಲ್ಫ್ ಬಯಾಸ್ ಇರುವುದನ್ನೇ ಆರಿಸಿ. ಮೀಟರ್ ಹಿಡಿದು ತಿರುಪು ತಿರುಗಿಸುವ ಬಗೆ ಆಮೇಲಕ್ಕೆ ಇರಲಿ.

ಹಿಂದೆ ಸ್ಪೀಕರ್ ಟರ್ಮಿನಲ್ 4 ಮತ್ತು 8 ಓಮ್ ಎರಡೂ ಇರಬೇಕು. ನಿಮ್ಮದು 15 ಓಮ್ ಆಗಿದ್ದು 16ರ ಟರ್ಮಿನಲ್ ಇಲ್ಲದಿದ್ದರೆ 8ಕ್ಕೆ ಕೊಟ್ಟು ಹದವಾದ ದನಿಯಲ್ಲಿ ಕೇಳಬಹುದು. ವ್ಯಾಟ್ ಸ್ವಲ್ಪ ಕಡಿಮೆ ಬರುತ್ತದೆ, ಅಷ್ಟೇ.

ತಕ್ಕಡಿ ತನ್ನಿ

ನಾನು ಮೊದಲು ತರಿಸಿದ 'ವಾಲ್ವ್ ಆಂಪ್' ಆನ್‌ಲೈನಿನದು. ಫೋಟೋದಲ್ಲಿ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿತ್ತು, '50 ಪ್ಲಸ್ 50 ವ್ಯಾಟ್' ಎಂದು ಬರೆದಿತ್ತು. ಡಬ್ಬ ಕೈಗೆ ಬಂದಾಗಲೇ ಎದೆ ಧಸಕ್ಕೆಂದಿತು. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ 800 ಗ್ರಾಂ. ಒಂದು ಪಾಕೀಟು ಮಂಡಕ್ಕಿಗಿಂತ ಸ್ವಲ್ಪ ಜಾಸ್ತಿ. ಒಳಗೆ ಸ್ಪೀಕರ್ ಓಡಿಸುತ್ತಿದ್ದುದು ಒಂದು ಸಣ್ಣ ಚಿಪ್. ವಾಲ್ವ್ ಎರಡು ಇದ್ದವು, ಸಣ್ಣವು, ಬರೀ ಮೊದಲ ಹಂತಕ್ಕೆ. ಕಿತ್ತಳೆ ಬೆಳಕು ಅವುಗಳ ಕೆಳಗೆ ಇಟ್ಟಿದ್ದ ಎಲ್‌ಇಡಿಯದ್ದು.

ಇದನ್ನು ಒಬ್ಬ ಹಿರಿಯ ರೇಡಿಯೋ ರಿಪೇರಿಯವರ ಹತ್ತಿರ ತಗೊಂಡು ಹೋದೆ. ಬಿಚ್ಚದೆಯೇ ಕೈಯಲ್ಲಿ ಎತ್ತಿ ನೋಡಿ ನಕ್ಕರು. 'ಸರ, ಬೆಳಕು ನೋಡಿ ತಗೊಬ್ಯಾಡ್ರಿ. ಭಾರ ನೋಡಿ ತಗೊಳ್ರಿ' ಎಂದರು.

ಅವರು ಹೇಳಿದ್ದರ ಅರ್ಥ ಇಷ್ಟು. ವಾಲ್ವ್ ಆಂಪ್‌ನಲ್ಲಿ ಕನಿಷ್ಠ ಮೂರು ಕಬ್ಬಿಣದ ಗಡ್ಡೆ ಇರಬೇಕು: ಒಂದು ಮೇನ್ಸ್ ಟ್ರಾನ್ಸ್‌ಫಾರ್ಮರ್, ಎಡಕ್ಕೊಂದು, ಬಲಕ್ಕೊಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಬೇಸ್ ಎಷ್ಟು ಆಳಕ್ಕೆ ಹೋಗುತ್ತದೆ, ದನಿ ಎಷ್ಟು ತೆರೆದುಕೊಳ್ಳುತ್ತದೆ ಎನ್ನುವುದರ ಬಹುಪಾಲು ಆ ಕೊನೆಯ ಎರಡರಲ್ಲೇ ಇದೆ. ವಾಲ್ವ್ ನಾಳೆ ಬದಲಿಸಬಹುದು. ಟ್ರಾನ್ಸ್‌ಫಾರ್ಮರ್ ಬದಲಿಸುವುದೆಂದರೆ ಆಂಪನ್ನೇ ಬದಲಿಸಿದ ಹಾಗೆ. ಸಣ್ಣ ಇಎಲ್84 ಸ್ಟೀರಿಯೋ ಕೂಡ ಐದಾರು ಕಿಲೋ ಇರಬೇಕು. ಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿ: ತೂಕ ಎಷ್ಟು, ಟ್ರಾನ್ಸ್‌ಫಾರ್ಮರ್ ಎಷ್ಟು, ಅಡಿಯ ತಗಡು ತೆಗೆದ ಫೋಟೋ ಕಳಿಸುತ್ತೀರಾ. ಮೂರನೆಯದಕ್ಕೆ ಉತ್ತರ ಬರದಿದ್ದರೆ ಬೇಡ.

ನಮ್ಮೂರಿನ ಕರೆಂಟು

ಚೀನಾದಿಂದ ಬರುವ ಎಷ್ಟೋ ಆಂಪ್‌ಗಳ ಟ್ರಾನ್ಸ್‌ಫಾರ್ಮರ್ 220 ವೋಲ್ಟಿನವು. ನಮ್ಮದು 230. ರಾತ್ರಿ ಹತ್ತರ ಮೇಲೆ, ಲೋಡ್ ಇಳಿದಾಗ, ನಮ್ಮ ಮನೆಯಲ್ಲಿ 245 ತೋರಿಸುತ್ತದೆ. ವಾಲ್ವ್‌ನ ಹೀಟರ್‌ಗೆ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿ) ಬೇಕಾದದ್ದು 6.3 ವೋಲ್ಟ್. 220ರ ಟ್ರಾನ್ಸ್‌ಫಾರ್ಮರ್‌ಗೆ 245 ಕೊಟ್ಟರೆ ಹೀಟರ್‌ಗೆ 7 ವೋಲ್ಟ್ ಹೋಗುತ್ತದೆ. ವಾಲ್ವಿನ ಪ್ಲೇಟಿಗೆ ಹೋಗುವ 300 ವೋಲ್ಟಿನ ಸಪ್ಲೈ ಕೂಡ ಅದೇ ಲೆಕ್ಕದಲ್ಲಿ ಏರುತ್ತದೆ. ವಾಲ್ವ್ ಬೇಗ ಮುದುಕಾಗುತ್ತದೆ. ಅದಕ್ಕೇ 230 ಅಥವಾ 240ರದ್ದೇ ಬೇಕು ಎಂದು ಬರಹದಲ್ಲಿ ಕೇಳಿ ತಗೊಳ್ಳಿ. ಜಪಾನಿನ ಹಳೇ ಆಂಪ್ ಅಗ್ಗಕ್ಕೆ ಸಿಕ್ಕಿತು ಎಂದು ಕುಣಿಯಬೇಡಿ, ಅಲ್ಲಿ 100 ವೋಲ್ಟ್.

ಬೇಸಿಗೆಯಲ್ಲಿ ವೋಲ್ಟೇಜ್ ಬೀಳುವ ಬಡಾವಣೆಯವರು ಒಂದು ಸ್ಟೆಬಿಲೈಸರ್ ಇಟ್ಟುಕೊಳ್ಳಿ. ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಕರೆಂಟ್ ಹೋದಾಗ ಆಂಪ್ ಆಫ್ ಮಾಡಿಬಿಡಿ. ಟ್ರಾನ್ಸ್‌ಫಾರ್ಮರ್ ಗುಂಯ್ ಎಂದು ಬಿಸಿಯಾಗುತ್ತದೆ. ಸೈನ್ ವೇವ್ ಆದರೆ ತೊಂದರೆ ಇಲ್ಲ. ಬಿಲ್ಲಿನ ಚಿಂತೆ ಬೇಡ. ಸಣ್ಣ ಆಂಪ್ 70 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಮೂರು ಗಂಟೆ ಕೇಳಿದರೆ ತಿಂಗಳಿಗೆ ಆರು ಯುನಿಟ್ ಚಿಲ್ಲರೆ.

ಎಲ್ಲಿಂದ ತರುವುದು

ಹೊಸದು ಹೊರಗಿನಿಂದ ತರಿಸಿದರೆ ಭಾರಕ್ಕೆ ತಕ್ಕ ಸಾಗಣೆ, ಮೇಲೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ ಸೇರುತ್ತದೆ. ಇದನ್ನು ಮೊದಲೇ ಕೂಡಿಸಿ. ಬೆಂಗಳೂರಿನಲ್ಲಿ ಬಳಸಿದ ಆಂಪ್ ಸಿಗುತ್ತದೆ. ಎಸ್.ಪಿ. ರಸ್ತೆಯಲ್ಲಿ ಬಿಡಿ ಭಾಗ ಸಿಗುತ್ತವೆ. ಬಳಸಿದ್ದಾದರೆ ಬಸ್ ಹತ್ತಿ ಹೋಗಿ ಕೇಳಿಯೇ ತನ್ನಿ. ಹಾಡಿಲ್ಲದೆ ವಾಲ್ಯೂಮ್ ಸೊನ್ನೆಯಲ್ಲಿಟ್ಟು ಸ್ಪೀಕರಿಗೆ ಕಿವಿ ಕೊಡಿ. ಒಂದು ಅಡಿ ದೂರದಲ್ಲಿ ಗುಂಯ್ ಕೇಳಿಸಬಾರದು. ಪೆನ್ಸಿಲಿನಿಂದ ಸಣ್ಣ ವಾಲ್ವ್‌ಗಳನ್ನು ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಗಂಟೆ ಹೊಡೆದ ಹಾಗೆ ಆದರೆ ಆ ವಾಲ್ವ್ ಬದಲಿಸಬೇಕು. ಗಾಜಿನ ತುದಿಯ ಬೆಳ್ಳಿ ಬಣ್ಣ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೋಗಿದೆ, ಅದು ಸತ್ತಿದೆ. ಗಾಜಿನ ಮೇಲೆ ತೆಳು ನೀಲಿ ಬೆಳಕು ಕಂಡರೆ ಹೆದರಬೇಡಿ. ಪ್ಲೇಟ್ ಕೆಂಡದಂತೆ ಕೆಂಪಾದರೆ ಮಾತ್ರ ತಕ್ಷಣ ಆಫ್.

ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಆಂಪನ್ನು ನೇರ ಪ್ಲಗ್‌ಗೆ ಹಾಕಬೇಡಿ. ಎಲೆಕ್ಟ್ರೀಷಿಯನ್ ಹತ್ತಿರ ಸೀರೀಸ್ ಬಲ್ಬಿನ ಬೋರ್ಡ್ ಇರುತ್ತದೆ, ಹಳೇ ಬುರುಡೆ ಬಲ್ಬಿನದು. ಅದರ ಮೂಲಕ ಕೊಡಿಸಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್.

ಒಂದು ಪೈಸೆ ಹಾಕದೆ ವಾಲ್ವ್‌ನ ರುಚಿ ನೋಡಬೇಕೇ? ಅಜ್ಜನ ವಾಲ್ವ್ ರೇಡಿಯೋ ಇದ್ದರೆ ಹಿಂದೆ ಗ್ರಾಮೋಫೋನ್ ಜೋಡಿಸುವ ತೂತುಗಳಿರಬಹುದು. ಅಲ್ಲಿಗೆ ಫೋನ್ ಜೋಡಿಸಿ ಕೇಳಬಹುದು. ಆದರೆ ಮೊದಲು ಒಳಗಿನ ವಾಲ್ವ್‌ಗಳ ಹೆಸರು ಓದಿ. ಇಎಲ್84, ಇಸಿಎಲ್82 ಎಂದು 'ಇ'ಯಿಂದ ಶುರುವಾದರೆ ಹೀಟರ್ 6.3 ವೋಲ್ಟಿನದು, ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವ ಸೆಟ್. ಆದರೂ ರಿಪೇರಿಯವರಿಗೆ ಒಮ್ಮೆ ತೋರಿಸಿ. ಯುಎಲ್84, ಯುಸಿಎಲ್82 ಎಂದು 'ಯು'ನಿಂದ ಶುರುವಾದರೆ ಕೈ ಹಾಕಬೇಡಿ. ಅವು ಎಸಿ-ಡಿಸಿ ಸೆಟ್. ಅವುಗಳ ಚಾಸಿಯೇ, ಅಂದರೆ ಲೋಹದ ಚೌಕಟ್ಟೇ, ನೇರ ಮೇನ್ಸ್‌ಗೆ ಸೇರಿರುತ್ತದೆ. ಫೋನ್ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಮನೆಗೆ ತಂದ ಮೇಲೆ

ಶೋಕೇಸ್ ಒಳಗೆ ಇಡಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಆಂಪ್‌ನ ಬಿಸಿಯೂ ಸೇರಿದರೆ ಕಂಡೆನ್ಸರ್ ಬೇಯುತ್ತವೆ. ಮೇಲೆ ಒಂದಡಿ ಜಾಗ ಖಾಲಿ ಇರಲಿ. ವಾಲ್ವ್ ಮೇಲಿನ ಜಾಲರಿ ತೆಗೆಯಬೇಡಿ. ಮಕ್ಕಳಷ್ಟೇ ಅಲ್ಲ, ಬೆಚ್ಚಗಿನ ಜಾಗ ಹುಡುಕಿ ಬರುವ ಹಲ್ಲಿಗಳೂ ಇವೆ. 300 ವೋಲ್ಟಿಗೆ ಹಲ್ಲಿ ಬಿದ್ದರೆ ಹಲ್ಲಿಯೂ ಹೋಗುತ್ತದೆ, ಫ್ಯೂಸೂ ಹೋಗುತ್ತದೆ.

ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ತಿಂಗ್ ಕಡ್ಡಾಯ. ಗುಂಯ್ ಸದ್ದು ಹೋಗಲಿ ಎಂದು ಅರ್ತ್ ಪಿನ್ ಕಿತ್ತುಹಾಕುವ ಬುದ್ಧಿವಂತರಿದ್ದಾರೆ. ಅವರ ಮಾತು ಕೇಳಬೇಡಿ. ಅಡಿಯ ತಗಡು ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ನಲ್ಲಿ ನೂರಾರು ವೋಲ್ಟ್ ಕೂತಿರಬಹುದು.

ಮೊದಲು ಸ್ಪೀಕರ್ ವೈರ್, ಆಮೇಲೆ ಫೋನ್ ಅಥವಾ ಸಿಡಿ ಪ್ಲೇಯರ್, ಕೊನೆಗೆ ಕರೆಂಟ್. ರೆಕಾರ್ಡ್ ಪ್ಲೇಯರ್ ಜೋಡಿಸುವವರಿಗೆ ರೆಕಾರ್ಡಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಬೇರೆ ಫೋನೋ ಪ್ರೀಆಂಪ್ ಬೇಕಾಗಬಹುದು. ಅಗ್ಗದ ವಾಲ್ವ್ ಆಂಪ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಆನ್ ಮಾಡಿ ಅರ್ಧ ನಿಮಿಷ ಕಾಯಿರಿ, ವಾಲ್ವ್ ಬಿಸಿಯಾಗದೆ ಮಾತಾಡುವುದಿಲ್ಲ.

ಬಜೆಟ್‌ನಲ್ಲಿ ಐದನೇ ಒಂದು ಭಾಗ ಎತ್ತಿಡಿ, ಒಂದು ಸೆಟ್ ಪವರ್ ವಾಲ್ವ್ ಹೆಚ್ಚಿಗೆ ಇರಬೇಕು. ಒಂದು ದಿನ ಒಂದು ಬದಿಯ ದನಿ ಕ್ಷೀಣಿಸುತ್ತದೆ. ಗಾಬರಿ ಬೇಡ. ಆಫ್ ಮಾಡಿ, ಆರಲು ಬಿಟ್ಟು, ಎಡ ಬಲದ ವಾಲ್ವ್ ಅದಲು ಬದಲು ಮಾಡಿ. ತೊಂದರೆಯೂ ಆ ಕಡೆಗೆ ಹೋದರೆ ವಾಲ್ವ್ ಬದಲಿಸಿ. ಇದ್ದಲ್ಲೇ ಇದ್ದರೆ ಬೆಡ್‌ಶೀಟಿನಲ್ಲಿ ಸುತ್ತಿ ರಿಪೇರಿಯವರ ಹತ್ತಿರ ಒಯ್ಯಿರಿ. ಎರಡು ಕೈಯಲ್ಲಿ ಎತ್ತಿಕೊಳ್ಳಿ, ಭಾರ ಇರುತ್ತದೆ.